ಉಪ್ಪಿನಕಾಯಿಯ ಮೇಲೊಂದು ಖಟ್ಲೆ

ನಲವತ್ತು ದಾಟಿದ ಗುಮಾಸ್ತನಿಗೆ ಎರಡು ಕಾಗದಗಳ ಭಯ. ಒಂದು, ಮೇಲಧಿಕಾರಿಯಿಂದ ಬರುವ ಮೆಮೊ. ಇನ್ನೊಂದು, ರಕ್ತಪರೀಕ್ಷೆಯ ವರದಿ. ಮೊದಲನೆಯದಕ್ಕೆ ಉತ್ತರ ಬರೆಯುವ ಕಲೆ ಕೇಂದ್ರ ಸರ್ಕಾರದ ಇಷ್ಟು ವರ್ಷಗಳ ಸೇವೆಯಲ್ಲಿ ನಮಗೆ ಕರಗತವಾಗಿದೆ. ಎರಡನೆಯದಕ್ಕೆ ಏನೆಂದು ಉತ್ತರ ಬರೆಯುವುದು?

ಇಲ್ಲಿ ‘ನಾವು’ ಎಂದದ್ದು ದೊಡ್ಡಸ್ತಿಕೆಗಲ್ಲ, ಓದುಗರು ಮನ್ನಿಸಬೇಕು. ಕಡತಗಳಲ್ಲಿ ‘ನಾನು’ ಎಂದು ಬರೆಯುವ ಅಧಿಕಾರ ಗುಮಾಸ್ತನಿಗೆ ಇಲ್ಲದ್ದರಿಂದ ಆ ಪದದ ಅಭ್ಯಾಸವೇ ನಮಗೆ ತಪ್ಪಿಹೋಗಿದೆ.

2023ರ ಮಳೆಗಾಲದಲ್ಲಿ ನಮ್ಮ ಕಚೇರಿಯಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಬಿಟ್ಟಿಯಾಗಿ ಸಿಕ್ಕುವುದನ್ನು ಬಿಡುವವರುಂಟೆ? ನಾವೂ ಸಾಲಿನಲ್ಲಿ ನಿಂತು ಕೈ ಚಾಚಿದೆವು. ನಾಲ್ಕು ದಿನದ ಮೇಲೆ ಬಂದ ವರದಿಯಲ್ಲಿ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು: ಎಸ್.ಜಿ.ಪಿ.ಟಿ. 86. ಇರಬೇಕಾದದ್ದು 40ರ ಒಳಗೆ ಎಂದು ಪಕ್ಕದಲ್ಲೇ ಅಚ್ಚಾಗಿತ್ತು.

ನಮ್ಮಾಕೆ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಅಡುಗೆಮನೆಯ ಕಪಾಟಿನ ಕಡೆ ಬೆರಳು ತೋರಿಸಿದಳು.

“ಅದೇ ರೀ, ಅನುಮಾನವೇ ಬೇಡ. ಆ ಬಾಟಲಿ!”

ಬಾಟಲಿಯಲ್ಲಿದ್ದದ್ದು ಮಾವಿನ ಉಪ್ಪಿನಕಾಯಿ, ಅಂಗಡಿಯದು. ನಮ್ಮ ಮನೆಗೆ ಅಂಗಡಿಯ ಉಪ್ಪಿನಕಾಯಿ ಕಾಲಿಟ್ಟದ್ದು 2021ರಲ್ಲಿ. ಅಲ್ಲಿಯವರೆಗೆ ಪ್ರತಿ ವರ್ಷ ಸಾಗರದ ಕಡೆಯ ನಮ್ಮ ಊರಿನಿಂದ ಅಮ್ಮ ಹಾಕಿದ ಅಪ್ಪೆಮಿಡಿ ಬರುತ್ತಿತ್ತು. ಮುಂಬಯಿಯ ಈ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಭರಣಿಯ ಬಾಯಿಯ ಬಟ್ಟೆ ಬಿಚ್ಚಿದರೆ ಮೂರನೆಯ ಮಹಡಿಯ ಮರಾಠಿ ಮನೆಯವರೂ ತಟ್ಟೆ ಹಿಡಿದು ಬರುತ್ತಿದ್ದರು. 2021ರಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಮಿಡಿಯ ತೊಟ್ಟು ಮುರಿದು, ಕಲ್ಲುಪ್ಪು ಹರಡಿ, ಸಾಸಿವೆ ರುಬ್ಬುತ್ತಿದ್ದ ಕೈ ಅದು. ಭರಣಿ ಬರಿದಾದ ಮೇಲೆ ಬಾಟಲಿ ಬಂತು. ಅದರ ಚೀಟಿಯ ಮೇಲೆ ಇರುವೆಸಾಲಿನಂಥ ಅಕ್ಷರಗಳಲ್ಲಿ ಒಂದು ಮಾತು: ಸಂರಕ್ಷಕ, ಐ.ಎನ್.ಎಸ್. 211.

ಹೆಸರಿನ ಬದಲು ನಂಬರು ಇರುವವನ ಮೇಲೆ ಯಾರಿಗೂ ನಂಬಿಕೆ ಹುಟ್ಟದು. ಆ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲೂ ಇದೇ ಮಾತು ಬಂತು. ಎಡಕ್ಕೆ ಕುಳಿತಿದ್ದ ಬ್ಯಾಂಕಿನ ಹಿರಿಯರು, “ಅದನ್ನು ತಿನ್ನಿಸಿದ ಇಲಿಗಳ ಲಿವರೇ ಕೆಟ್ಟುಹೋಯಿತಂತೆ ಮಾರಾಯರೆ” ಎಂದರು. ಬಲಕ್ಕಿದ್ದವರು, “ಇಲಿಗೇ ಹಾಗಾದರೆ ಮನುಷ್ಯನ ಗತಿಯೇನು?” ಎಂದು ನಿಟ್ಟುಸಿರುಬಿಟ್ಟರು. ಮೂವರೂ ಎಲೆಯ ತುದಿಯಲ್ಲಿದ್ದ ಉಪ್ಪಿನಕಾಯಿಯನ್ನು ಮುಗಿಸಿ ಇನ್ನೊಂದು ಹೋಳು ಹಾಕಿಸಿಕೊಂಡೆವು ಎಂಬುದು ಬೇರೆ ಮಾತು.

ಹೀಗೆ ಮನೆಯಲ್ಲೂ ಸಂಘದಲ್ಲೂ ತೀರ್ಪು ಹೊರಬಿದ್ದಾಗಿತ್ತು. ಅಪರಾಧಿ ಸಿಕ್ಕಮೇಲೆ ಡಾಕ್ಟರರ ಬಳಿಗೆ ಏಕೆ ಹೋಗಬೇಕು? ನಾವೂ ಹೋಗಲಿಲ್ಲ. ಬಾಟಲಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿ, ಊಟಕ್ಕೆ ಬದಲಿಯಾಗಿ ಕರಿದ ಹಪ್ಪಳ ಇಟ್ಟುಕೊಂಡು ನಿಶ್ಚಿಂತರಾದೆವು.

ಆದರೆ ಬಿಎಸ್ಸಿ ಓದಿ ಗುಮಾಸ್ತರಾದವರಿಗೆ ಒಂದು ಕಾಯಿಲೆ ಇರುತ್ತದೆ. ಓದಿದ್ದು ಅನ್ನಕ್ಕೆ ಬಾರದಿದ್ದರೂ ತಲೆಯಿಂದ ಇಳಿದುಹೋಗದು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮೂರನ್ನೂ ಓದಿ, ಮೇಣದ ತಟ್ಟೆಯ ಮೇಲೆ ಕಪ್ಪೆಯನ್ನು ಮಲಗಿಸಿ ಗುಂಡುಸೂಜಿ ಚುಚ್ಚಿದವರು ನಾವು. ಇಲಿಗಳು ನಿಜಕ್ಕೂ ಏನು ಹೇಳಿದವು ಎಂದು ಕಡತ ತೆಗೆದು ನೋಡೋಣವೆನ್ನಿಸಿತು.

ಮೊದಲು ಲಿವರಿನ ವಿಚಾರ. ಅದು ನಮ್ಮ ಕಚೇರಿಯಂತೆಯೇ. ಕರುಳಿನಿಂದ ಹೊರಟ ಟಪಾಲೆಲ್ಲ ಮೊದಲು ಅಲ್ಲಿಗೆ ಬರಬೇಕು. ಏನನ್ನು ಇಟ್ಟುಕೊಳ್ಳುವುದು, ಏನನ್ನು ಮೂತ್ರಪಿಂಡಕ್ಕೆ ರವಾನಿಸುವುದು ಎಂದು ಅಲ್ಲಿ ನಿರ್ಧಾರವಾಗಬೇಕು. ಒಂದೊಂದು ಜೀವಕೋಶದಲ್ಲೂ ಕಿಣ್ವಗಳೆಂಬ ಗುಮಾಸ್ತರು ಕುಳಿತಿರುತ್ತಾರೆ. ಎಸ್.ಜಿ.ಪಿ.ಟಿ. ಅವರಲ್ಲೊಬ್ಬ, ಅವನ ಈಗಿನ ಹೆಸರು ಎ.ಎಲ್.ಟಿ. ಅವನ ಕೆಲಸವಿರುವುದು ಕೋಶದ ಒಳಗೆ, ರಕ್ತದಲ್ಲಿ ಅಲ್ಲ. ರೆಕಾರ್ಡ್ ರೂಮಿನ ಕಡತಗಳು ವರಾಂಡದಲ್ಲಿ ಚೆಲ್ಲಾಡಿದ್ದರೆ ಒಳಗೆ ಎಲ್ಲಿಯೋ ಗೋಡೆ ಕುಸಿದಿದೆ ಎಂದು ತಾನೆ ಅರ್ಥ? ಹಾಗೆಯೇ ಈ ಕಿಣ್ವ ರಕ್ತದಲ್ಲಿ ಹೆಚ್ಚಾಗಿ ಕಂಡಿತೆಂದರೆ ಲಿವರಿನ ಕೋಶಗಳಿಗೆ ಪೆಟ್ಟು ಬಿದ್ದು ಒಳಗಿನದು ಹೊರಕ್ಕೆ ಸೋರುತ್ತಿದೆ ಎಂದು ಅರ್ಥ. 1950ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ವೈದ್ಯರು ಈ ಸೋರಿಕೆಯನ್ನು ಅಳೆಯುವುದನ್ನು ತೋರಿಸಿಕೊಟ್ಟರು. ಪೆಟ್ಟು ಬಿದ್ದಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಹೊಡೆದವರು ಯಾರು ಎಂಬುದನ್ನು ಹೇಳುವುದಿಲ್ಲ. ಇದನ್ನು ನಾವು ಮರೆತಿದ್ದೆವು.

ಇನ್ನು ಆರೋಪಿ. 211 ಎಂದರೆ ಸೋಡಿಯಂ ಬೆಂಜೊಯೇಟ್. ಅದರ ಮೂಲಪುರುಷ ಬೆಂಜೊಯಿಕ್ ಆಮ್ಲ ಹಿಂದೆ ದೊರೆಯುತ್ತಿದ್ದದ್ದು ಲೋಬಾನದಿಂದ. ಬಾಣಂತಿಯ ಕೋಣೆಯಲ್ಲಿ ಮಗುವಿನ ತಲೆಗೂದಲಿಗೆ ಹೊಗೆ ಕೊಡುವ ನಮ್ಮ ಸಾಂಬ್ರಾಣಿಯ ಜಾತಿಯದು. ದಾಲ್ಚಿನ್ನಿಯಲ್ಲಿ ಅದು ಸ್ವಾಭಾವಿಕವಾಗಿಯೇ ಇದೆ. ಹಾಲು ಮೊಸರಾಗುವಾಗಲೂ ಒಂದಿಷ್ಟು ಹುಟ್ಟಿಕೊಳ್ಳುತ್ತದೆ. ಹುಳಿಯಿರುವ ಪದಾರ್ಥದಲ್ಲಿ ಬೂಸ್ಟು ಹಿಡಿಯದಂತೆ ಕಾಯುವುದು ಅದರ ಉದ್ಯೋಗ. ನಾವು ತಿಂದ ಬೆಂಜೊಯೇಟ್ ಲಿವರಿಗೆ ಬಂದೊಡನೆ ಅಲ್ಲಿನ ಕಿಣ್ವಗಳು ಅದಕ್ಕೆ ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ಗಂಟುಹಾಕಿ ಹಿಪ್ಪುರಿಕ್ ಆಮ್ಲವನ್ನಾಗಿ ಮಾಡಿ ಮೂತ್ರದ ದಾರಿ ಹಿಡಿಸುತ್ತವೆ. ಈ ಸಂಗತಿ ಪತ್ತೆಯಾದದ್ದು 1840ರ ದಶಕದ ಆರಂಭದಲ್ಲಿ, ಅದೂ ಇಲಿಯಿಂದಲ್ಲ: ಬೆಂಜೊಯಿಕ್ ಆಮ್ಲವನ್ನು ತಾವೇ ನುಂಗಿ ತಮ್ಮ ಮೂತ್ರವನ್ನೇ ಪರೀಕ್ಷಿಸಿದ ಪುಣ್ಯಾತ್ಮರಿಂದ. ನುಂಗಿದ್ದರಲ್ಲಿ ಬಹುಪಾಲು ಒಂದೇ ದಿನದಲ್ಲಿ ಹೊರಗೆ.

ಈಗ ಇಲಿಯ ಹೇಳಿಕೆ. 1993ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗದಲ್ಲಿ ಫಿಷರ್ 344 ಎಂಬ ತಳಿಯ ಇಲಿಗಳಿಗೆ ಹತ್ತು ದಿನ ಸೋಡಿಯಂ ಬೆಂಜೊಯೇಟ್ ಬೆರೆಸಿದ ಆಹಾರ ಕೊಟ್ಟರು. ಪಾಪ, ಅವಕ್ಕೂ ಹೆಸರಿಲ್ಲ, ನಂಬರೇ. ಅತಿ ಹೆಚ್ಚಿನ ಪ್ರಮಾಣ ತಿಂದ ಇಲಿಗಳ ಲಿವರಿನ ತೂಕ ಏರಿತು, ಕೋಶಗಳು ಊದಿಕೊಂಡವು, ರಕ್ತದಲ್ಲಿ ಜಿ.ಜಿ.ಟಿ. ಎಂಬ ಕಿಣ್ವ ಹೆಚ್ಚಿತು. ಸಂಘದ ಪಂಕ್ತಿಯಲ್ಲಿ ನಮ್ಮ ಹಿರಿಯರು ಆಡಿದ ಮಾತು ಹಾಗಾದರೆ ಸುಳ್ಳಲ್ಲ. ಆದರೆ ಆ ಪ್ರಮಾಣವೆಷ್ಟು? ಆಹಾರದ ನೂರು ಪಾಲಿನಲ್ಲಿ 2.4 ಪಾಲು. ಅಂದರೆ ಇಲಿಯ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 1800 ಮಿಲಿಗ್ರಾಮಿನಷ್ಟು.

ನಾವು ಲೆಕ್ಕದ ಕಾಗದ ಎಳೆದುಕೊಂಡೆವು. ಆಗ ನಮ್ಮ ತೂಕ 80 ಕಿಲೋ. ಆ ಇಲಿಯ ಸರಿಸಮ ನಾವು ನಿಲ್ಲಬೇಕಾದರೆ ದಿನಕ್ಕೆ 144 ಗ್ರಾಮ್ ಬೆಂಜೊಯೇಟ್ ತಿನ್ನಬೇಕು. ಆಹಾರ ಕಲಬೆರಕೆ ತಡೆಯ 1955ರ ನಿಯಮಗಳು ಉಪ್ಪಿನಕಾಯಿಗೆ ಗೊತ್ತುಮಾಡಿದ್ದ ಮಿತಿ ಕಿಲೋಗೆ 250 ಮಿಲಿಗ್ರಾಮ್. ಆ ಲೆಕ್ಕದಲ್ಲಿ ನಮ್ಮ ದಿನದ ಪಾಲಿಗೆ 576 ಕಿಲೋ ಉಪ್ಪಿನಕಾಯಿ ಬರುತ್ತದೆ. ಐದೂಮುಕ್ಕಾಲು ಕ್ವಿಂಟಲ್! ನಮ್ಮಾಕೆಗೆ ಓದಿ ಹೇಳಿದೆವು. “ಅಷ್ಟಕ್ಕೆ ಅನ್ನ ಬೇಯಿಸುವವರು ಯಾರು?” ಎಂದಳು.

ಈಚಿನ ಕೆಲವು ಪ್ರಯೋಗಗಳಲ್ಲಿ ಇದಕ್ಕಿಂತ ಕಡಿಮೆ ಪ್ರಮಾಣವನ್ನು ಹೆಚ್ಚು ದಿನ ತಿನ್ನಿಸಿದಾಗಲೂ ಕಿಣ್ವಗಳು ಏರಿದ್ದು ವರದಿಯಾಗಿದೆ. ಅಲ್ಲಿಯೂ ಅದು ಊಟದ ಎಲೆಯ ತುದಿಯ ಪ್ರಮಾಣವಲ್ಲ. ಇಂಥ ಅನುಮಾನಕ್ಕೆಂದೇ ಒಂದು ಪದ್ಧತಿ ಇದೆ. ಪ್ರಾಣಿಗಳಿಗೆ ಯಾವ ಬಾಧೆಯೂ ಆಗದ ಪ್ರಮಾಣವನ್ನು ಹಿಡಿದು ಅದನ್ನು ನೂರರಿಂದ ಭಾಗಿಸುವುದು: ಇಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ ಹತ್ತು, ಮನುಷ್ಯ ಮನುಷ್ಯರಲ್ಲಿರುವ ವ್ಯತ್ಯಾಸಕ್ಕೆ ಹತ್ತು. 1954ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಹೇಳಿದ ಈ ಗುಮಾಸ್ತಗಿರಿಯ ಲೆಕ್ಕವೇ ಇಂದಿಗೂ ತಳಹದಿ. ವಿಶ್ವಸಂಸ್ಥೆಯ ತಜ್ಞರ ಸಮಿತಿ ಬೆಂಜೊಯೇಟಿಗೆ ಬಹುಕಾಲ ಇಟ್ಟಿದ್ದ ಮಿತಿ ದೇಹದ ತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಮ್. 2021ರಲ್ಲಿ ಅದನ್ನು 20ಕ್ಕೆ ಏರಿಸಿದರು. ಹಳೆಯ ಬಿಗಿ ಲೆಕ್ಕದಲ್ಲೂ ನಮಗೆ ದಿನಕ್ಕೆ ಒಂದೂವರೆ ಕಿಲೋ ಉಪ್ಪಿನಕಾಯಿಗೆ ಪರವಾನಗಿ ಇತ್ತು. ಮಕ್ಕಳ ಮಾತು ಬೇರೆ. ಮೂವತ್ತು ಕಿಲೋ ತೂಕದ ನಮ್ಮ ಮಗಳು ರಜೆಯಲ್ಲಿ ಬಾಟಲಿಯ ಶರಬತ್ತನ್ನು ನೀರು ಬೆರೆಸಿ ಒಂದು ಲೀಟರ್ ಕುಡಿದಳೆಂದರೆ ಹಳೆಯ ಮಿತಿಯನ್ನು ಮುಟ್ಟಿಬಿಡಬಹುದಿತ್ತು. ಮೈ ಸಣ್ಣದು, ಬಾಯಾರಿಕೆ ದೊಡ್ಡದು. ಆ ಶರಬತ್ತಿನಲ್ಲಿ ಲಿವರಿಗೆ ಹೆಚ್ಚು ಹೊರೆಯಾಗುವುದು 211 ಅಲ್ಲ, ಸಕ್ಕರೆ ಎಂಬುದೂ ಆಮೇಲೆ ತಿಳಿಯಿತು.

ಇಲಿಯ ಸಾಕ್ಷ್ಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಣ್ಣೆ ತುಪ್ಪಗಳು ಕಮಟು ಹಿಡಿಯದಂತೆ ಹಾಕುವ ಬಿ.ಎಚ್.ಟಿ. ಎಂಬ ಇನ್ನೊಂದು ಸಂರಕ್ಷಕ ಉಂಟು, ನಂಬರು 321. ಅದನ್ನು ತಿನ್ನಿಸಿದ ಇಲಿಗಳ ಲಿವರ್ ದೊಡ್ಡದಾದದ್ದನ್ನೂ ಕೋಶದೊಳಗಿನ ಕೆಲವು ಕಿಣ್ವಗಳು ಹೆಚ್ಚಿದ್ದನ್ನೂ 1960ರ ದಶಕದಲ್ಲೇ ಕಂಡಿದ್ದರು. ಆದರೆ ಇದು ಗೋಡೆ ಕುಸಿದು ಕಡತ ಚೆಲ್ಲಿದ್ದಲ್ಲ. ಟಪಾಲು ಹೆಚ್ಚಾಯಿತೆಂದು ಹಂಗಾಮಿ ಗುಮಾಸ್ತರನ್ನು ನೇಮಿಸಿಕೊಂಡದ್ದು. ತಿನ್ನಿಸುವುದು ನಿಂತರೆ ಲಿವರ್ ಮೊದಲಿನ ಗಾತ್ರಕ್ಕೆ ಬರುತ್ತದೆ, ಹಂಗಾಮಿಗಳು ಮನೆಗೆ ಹೋಗುತ್ತಾರೆ. ಕೊಡುವುದು ಮಿತಿಮೀರಿದರೆ ಮಾತ್ರ ಕಟ್ಟಡವೇ ಕುಸಿಯುತ್ತದೆ. ‘ಕಿಣ್ವ ಹೆಚ್ಚಿತು’ ಎಂಬ ಒಂದೇ ಮಾತಿನಲ್ಲಿ ದುಡಿಮೆಯೂ ಇರಬಹುದು, ದುರಂತವೂ ಇರಬಹುದು.

ಒಂದು ಪ್ರಾಣಿಯ ಮಾತು ಇನ್ನೊಂದಕ್ಕೆ ಸಲ್ಲುತ್ತದೆಂದೂ ಇಲ್ಲ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬೆಂಜೊಯಿಕ್ ಆಮ್ಲ ಹೆಚ್ಚಾಗಿ ಬೆರೆತಿದ್ದ ಮಾಂಸ ತಿಂದು ಬೆಕ್ಕುಗಳು ಸತ್ತವು. ನಮಗೂ ಇಲಿಗೂ ಗ್ಲೈಸಿನ್ನಿನ ದಾರಿ ಮುಚ್ಚಿದರೆ ಇನ್ನೊಂದು ದಾರಿಯಿದೆ. ಬೆಕ್ಕಿನ ಲಿವರಿನಲ್ಲಿ ಆ ಎರಡನೆಯ ಗುಮಾಸ್ತನ ಹುದ್ದೆ ಖಾಲಿಯಿದ್ದಂತೆಯೇ ಸರಿ. ಇನ್ನು ಇದೇ ಸೋಡಿಯಂ ಬೆಂಜೊಯೇಟ್ ಔಷಧವೂ ಹೌದೆಂದು ಓದಿದಾಗ ನಾವು ಬೆರಗಾದೆವು. ಹುಟ್ಟಿನಿಂದಲೇ ಲಿವರಿನ ಒಂದು ಕಿಣ್ವವಿಲ್ಲದೆ ರಕ್ತದಲ್ಲಿ ಅಮೋನಿಯ ಏರಿ ಪ್ರಾಣಾಪಾಯದಲ್ಲಿರುವ ಹಸುಗೂಸುಗಳಿಗೆ ಇದನ್ನು ಕಿಲೋಗೆ 250 ಮಿಲಿಗ್ರಾಮಿನಷ್ಟು ಕೊಟ್ಟು ಉಳಿಸಿಕೊಳ್ಳುತ್ತಾರೆ. ಗ್ಲೈಸಿನ್ನನ್ನು ಕಟ್ಟಿಕೊಂಡು ಹೋಗುವಾಗ ಅದರೊಡನೆ ಬೇಡದ ಸಾರಜನಕವೂ ಹೊರಬೀಳುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆವು. ವಿಷವೆಂದು ದೂರಿದ್ದೇ ಒಂದು ಮಗುವಿಗೆ ಅಮೃತವಾದೀತೆಂದು ಕೇಳಿದ್ದು ಅದೇ ಮೊದಲು.

ಖಟ್ಲೆ ಬಿದ್ದುಹೋಯಿತು. ಆರೋಪಿ ಬಿಡುಗಡೆಯಾದ. ಆದರೆ 86?

2023ರ ಡಿಸೆಂಬರಿನಲ್ಲಿ ಮತ್ತೊಮ್ಮೆ ರಕ್ತ ಕೊಟ್ಟೆವು. 94! ಉಪ್ಪಿನಕಾಯಿ ಬಿಟ್ಟು ನಾಲ್ಕು ತಿಂಗಳಾಗಿತ್ತು. ಆಗ ಡಾಕ್ಟರರ ಬಳಿ ಹೋಗಲೇಬೇಕಾಯಿತು. ಅವರು ಹೊಟ್ಟೆಯ ಸೋನೋಗ್ರಫಿ ಮಾಡಿಸಿ, ವರದಿಗಿಂತ ಹೆಚ್ಚು ಹೊತ್ತು ನಮ್ಮ ಹೊಟ್ಟೆಯನ್ನೇ ನೋಡಿ, “ಲಿವರಿನಲ್ಲಿ ಕೊಬ್ಬು ತುಂಬಿದೆ” ಎಂದರು. ದಿನಕ್ಕೆಷ್ಟು ನಡೆಯುತ್ತೀರಿ, ಚಹಾ ಎಷ್ಟು, ಸಕ್ಕರೆ ಎಷ್ಟು, ಸಂಜೆ ವಡಾಪಾವ್ ತಿನ್ನುತ್ತೀರಾ ಎಂದು ಕೇಳಿದರು. 211ರ ವಿಚಾರ ನಾವಾಗಿ ಎತ್ತಿದೆವು. ಅವರು ನಕ್ಕು, “ಅದನ್ನು ಬಿಟ್ಟು ಹಪ್ಪಳ ಹಿಡಿದಿರಿ ತಾನೆ?” ಎಂದರು. ಮನೆಯ ಗುಟ್ಟು ಅವರಿಗೆ ಹೇಗೆ ತಿಳಿಯಿತೋ! ನಾಲ್ಕು ತಿಂಗಳು ಒಂದು ನಂಬರನ್ನು ಕಟಕಟೆಯಲ್ಲಿ ನಿಲ್ಲಿಸಿ, ನಿಜವಾದ ಆರೋಪಿಯನ್ನು ಕುರ್ಚಿಯ ಮೇಲೆ ಕೂರಿಸಿ, ಸಕ್ಕರೆ ಹಾಕಿದ ಚಹಾ ಕೊಟ್ಟು ಸಾಕಿದ್ದೆವು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ನಗೆಯ ಮಾತಾಗಿ ಮುಗಿಯುತ್ತಿತ್ತು. ಆದರೆ ಇಲಿಗಳ ಕಡತದಲ್ಲಿ ಇನ್ನೂ ಒಂದು ಹಾಳೆ ಇತ್ತು. 1962ರಲ್ಲಿ ಅಮೆರಿಕದ ಲೂಯಿಸ್ ಡಾಲ್ ಎಂಬ ವೈದ್ಯ ವಿಜ್ಞಾನಿ ಇಲಿಗಳಿಗೆ ಉಪ್ಪು ಹೆಚ್ಚಾಗಿ ತಿನ್ನಿಸಿ, ರಕ್ತದೊತ್ತಡ ಏರುವವನ್ನೂ ಏರದವನ್ನೂ ಬೇರೆ ಬೇರೆ ತಳಿಗಳಾಗಿ ಬೆಳೆಸಿದರು. ಒಂದೇ ಉಪ್ಪು, ಒಂದು ತಳಿ ನಿಶ್ಚಿಂತೆಯಾಗಿ ಬದುಕಿತು, ಇನ್ನೊಂದು ಒತ್ತಡ ಏರಿ ಸತ್ತಿತು.

ಅದನ್ನು ಓದಿದ ದಿನ ನಮಗೆ ಊಟ ಸೇರಲಿಲ್ಲ. ಉಪ್ಪಿನಕಾಯಿಯ ಹೆಸರಿನಲ್ಲಿಯೇ ಅದರ ಸಂರಕ್ಷಕದ ಹೆಸರಿದೆ. ಅಮ್ಮನ ಲೆಕ್ಕದಲ್ಲಿ ಮೂರು ಸೇರು ಮಿಡಿಗೆ ಒಂದು ಸೇರು ಕಲ್ಲುಪ್ಪು. ಅದಕ್ಕೆ ನಂಬರಿಲ್ಲ, ಚೀಟಿಯಿಲ್ಲ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮ್ಮನಿಗೆ ರಕ್ತದೊತ್ತಡವಿದೆ, ಉಪ್ಪು ಕಡಿಮೆಮಾಡಿ ಎಂದು ಊರಿನ ಡಾಕ್ಟರರು ವರ್ಷಗಳ ಹಿಂದೆಯೇ ಹೇಳಿದ್ದರು. “ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯುವುದು ಹೇಗೋ ತಮ್ಮಾ?” ಎಂದು ಅಮ್ಮ ನಗುತ್ತಿದ್ದಳು. ರಜೆಯಲ್ಲಿ ಹೋದ ನಾವು ಏನು ಮಾಡುತ್ತಿದ್ದೆವು? ಪಕ್ಕದಲ್ಲಿ ಕುಳಿತು ನಾವೂ ಮಿಡಿ ಕಚ್ಚುತ್ತಿದ್ದೆವು. ಮರಳುವಾಗ ಇನ್ನೊಂದು ಡಬ್ಬಿ ತುಂಬಿಸಿಕೊಳ್ಳುತ್ತಿದ್ದೆವು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆ ಹೇಳುತ್ತಿದ್ದೆವು. ಬಿಎಸ್ಸಿ ಓದಿದ ಮಗ ಒಂದು ದಿನವಾದರೂ ತಾಯಿಯ ತಟ್ಟೆಯಿಂದ ಅದನ್ನು ಎತ್ತಿಡಲಿಲ್ಲ.

ಅಮ್ಮನ ಕೈ ಬಿದ್ದದ್ದು ಉಪ್ಪಿನಿಂದಲೇ ಎಂದು ನಾವು ಹೇಳುತ್ತಿಲ್ಲ. ವಯಸ್ಸಾಗಿತ್ತು, ಮಾತ್ರೆ ಮರೆಯುತ್ತಿದ್ದಳು. ಅವಳು ಡಾಲ್ ಅವರ ಯಾವ ತಳಿಯ ಇಲಿಯೋ ಬಲ್ಲವರಿಲ್ಲ. ಇಷ್ಟು ಮಾತ್ರ ಒಪ್ಪಿಕೊಳ್ಳುತ್ತೇವೆ: ಅಂಗಡಿಯ ಬಾಟಲಿಯ ಚೀಟಿಯನ್ನು ಭೂತಗನ್ನಡಿ ಹಿಡಿದು ಓದಿದ ನಾವು ಅಮ್ಮನ ಭರಣಿಯನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ಅನುಮಾನವೆಲ್ಲ ಪರಕೀಯರ ಪಾಲಿಗೆ, ಮಾಫಿಯೆಲ್ಲ ನಮ್ಮವರ ಪಾಲಿಗೆ ಎಂದರೆ ಅದು ವಿಜ್ಞಾನವೂ ಅಲ್ಲ. ಕೊನೆಗೆ ನೋಡಿದರೆ ಪ್ರೀತಿಯೂ ಅಲ್ಲ.

2024ರ ಯುಗಾದಿಗೆ ಊರಿಗೆ ಹೋದೆವು. ಕೊಂಕಣ ರೈಲಿನಲ್ಲಿ ಹೊನ್ನಾವರಕ್ಕಿಳಿದು, ಘಟ್ಟ ಹತ್ತಿ ಮನೆ ಸೇರುವ ಹೊತ್ತಿಗೆ ಅಂಗಳದಲ್ಲಿ ಮಿಡಿಯ ರಾಶಿ. ಅಮ್ಮ ಯಾರಿಗೋ ಹೇಳಿ ತರಿಸಿದ್ದಳು. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತು, ನಮ್ಮಾಕೆಗೂ ಮಗಳಿಗೂ ಒಂದೊಂದೇ ಹೇಳಿಕೊಟ್ಟಳು: ತೊಟ್ಟು ಇಷ್ಟು ಉಳಿಯಬೇಕು, ಒಂದು ಪದರ ಮಿಡಿ, ಒಂದು ಪದರ ಉಪ್ಪು. ನಮ್ಮಾಕೆ ಉಪ್ಪನ್ನು ಒಂದು ಹಿಡಿ ಹಿಂದಕ್ಕೆ ತೆಗೆದಳು. ಅಮ್ಮ ಕೂಡಲೇ, “ಬೇಡ ಮಾರಾಯ್ತಿ, ಬೂಸ್ಟು ಬರುತ್ತದೆ. ಹಾಕುವಾಗ ಕಡಿಮೆ ಮಾಡಬಾರದು, ತಿನ್ನುವಾಗ ಕಡಿಮೆ ಮಾಡಬೇಕು” ಎಂದಳು. ತಜ್ಞರ ಸಮಿತಿ ನೂರರಿಂದ ಭಾಗಿಸಿ ಹೇಳಿದ್ದನ್ನು ಅಮ್ಮ ಭಾಗಾಕಾರವಿಲ್ಲದೆ ಹೇಳಿದಳು.

ಅಮ್ಮನಿಗೆ ಈಗ ವಾರಕ್ಕೆ ಒಂದು ಮಿಡಿ. ಅದನ್ನು ಉಪ್ಪುನೀರಿನಿಂದ ತೆಗೆದು, ತೊಳೆದು ಕೊಡುತ್ತಾರೆ, ಗೊಣಗುತ್ತಾಳೆ, ತಿನ್ನುತ್ತಾಳೆ. ನಾವು ಕಚೇರಿಯಿಂದ ಎರಡು ನಿಲ್ದಾಣದಷ್ಟು ದೂರ ನಡೆದು ರೈಲು ಹಿಡಿಯುತ್ತೇವೆ. ಆರು ಕಿಲೋ ಇಳಿದ ಮೇಲೆ ಎಸ್.ಜಿ.ಪಿ.ಟಿ. 41ಕ್ಕೆ ಬಂತು. ಅಂಗಡಿಯ ಬಾಟಲಿಗೂ ಕಪಾಟಿನ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿದೆ.

ಊರಿನಿಂದ ಮರಳುವಾಗ ರೈಲಿನಲ್ಲಿ ಮಗಳಿಗೆ ಈ ಕಥೆಯನ್ನೆಲ್ಲ ಹೇಳಿದೆವು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು.

“ಅಪ್ಪಾ, ಆಮೇಲೆ ಆ ಇಲಿಗಳಿಗೆ ಏನಾಯಿತು?”

ಲಿವರಿನ ತೂಕ ನೋಡಬೇಕಾದರೆ ಲಿವರನ್ನು ಹೊರತೆಗೆಯಲೇಬೇಕು. ಅದನ್ನು ಅವಳಿಗೆ ಮರೆಮಾಚದೆ ಹೇಳಿದೆವು. ಅವಳು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ, “ಹಾಗಾದರೆ ಅವು ಹೇಳಿದ್ದನ್ನು ನಾವು ಸರಿಯಾಗಿ ಕೇಳಿಸಿಕೊಳ್ಳಬೇಕಲ್ಲವಾ?” ಎಂದಳು.

ಹೌದೆಂದೆವು. ಕಾಲ ಕೆಳಗೆ, ಬಾಯಿಗೆ ಬಟ್ಟೆ ಕಟ್ಟಿದ ಸಣ್ಣ ಭರಣಿ ರೈಲಿನ ಓಟಕ್ಕೆ ಅಲುಗುತ್ತಿತ್ತು. ಅದನ್ನು ಎರಡು ಪಾದಗಳ ನಡುವೆ ಭದ್ರವಾಗಿ ಹಿಡಿದುಕೊಂಡೆವು.